ಕಡಲಾಚೆಯ ಚರ್ಚಿಗೆ ಅಮ್ಮನ ಒಂದು ಪ್ರಶ್ನೆ

ಕೋಡಿ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ರಸ್ತೆ, ಅಲ್ಲಿನ ಶಿಸ್ತು, ಅಲ್ಲಿನ ಹೂದೋಟಗಳ ಬಗ್ಗೆ ಬರೆಯುತ್ತಾರೆ. ನಾನು ಹೋದದ್ದು ನನ್ನ ತಮ್ಮನ ಸಮಾಧಿ ನೋಡಲು. ಹಾಗಾಗಿ ಈ ಬರಹದಲ್ಲಿ ನೋಡಲೇಬೇಕಾದ ಜಾಗಗಳು ಒಂದೆರಡೇ. ಅವುಗಳಲ್ಲಿ ಒಂದು ಚರ್ಚಿನ ಹಿಂದಿನ ಹುಲ್ಲು, ಇನ್ನೊಂದು ಆ ಚರ್ಚಿನವರು ಚಾ ಕುಡಿಯುವ ಕೋಣೆ.

ನಾನು ತೆಕ್ಕಟ್ಟೆಯ ಹತ್ತಿರ ಪ್ರಾಥಮಿಕ ಶಾಲೆಯ ಮೇಡಂ. ಮನೆ ಕುಂದಾಪುರದ ಕೋಡಿಯಲ್ಲಿ, ಕಡಲಿಗೆ ಕೂಗಳತೆಯಲ್ಲಿ. ಅಮ್ಮ ನಲವತ್ತು ವರ್ಷದಿಂದ ಮೀನು ಮಾರುವವಳು. ಮೊದಲು ತಲೆಹೊರೆ, ಆಮೇಲೆ ಕುಂದಾಪುರದ ಮಾರ್ಕೆಟ್ಟು. ತಮ್ಮ ರಾಘು ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಕೊಂಕಣ ರೈಲು ಹೊಸತಾಗಿ ಬಂದಾಗ ಅವನಿಗೆ ಹತ್ತು ವರ್ಷ, ನಾನೇ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದೆ. ರೈಲು ಅಡ್ಡಿಲ್ಲ, ಆದರೆ ದೋಣಿಯ ಹಾಗೆ ತೂಗುವುದಿಲ್ಲ ಎಂದು ತೀರ್ಪು ಕೊಟ್ಟಿದ್ದ. ದೊಡ್ಡವನಾದ ಮೇಲೆ ಬೈಂದೂರಿನ ನಾಗರಾಜನ ಜೊತೆ ಸ್ಕಾಟ್ಲೆಂಡಿನ ಮೀನುಗಾರಿಕೆ ದೋಣಿಗೆ ಕೆಲಸಕ್ಕೆ ಹೋದ. ಎರಡನೇ ಚಳಿಗಾಲದಲ್ಲಿ ಬಲೆ ಎಳೆಯುವಾಗ ಒಂದು ಅಲೆ ಅವನನ್ನು ಹೊತ್ತುಕೊಂಡು ಹೋಯಿತು. ಒಂಬತ್ತು ದಿನದ ಮೇಲೆ ಅಲ್ಲಿನ ಒಂದು ಸಣ್ಣ ಊರಿನ ಮರಳಿನಲ್ಲಿ ಸಿಕ್ಕಿದ. ತರುವ ಸ್ಥಿತಿಯಲ್ಲಿರಲಿಲ್ಲ. ಆ ಊರಿನವರೇ ತಮ್ಮ ಚರ್ಚಿನ ಮಣ್ಣಿನಲ್ಲಿ ಮಲಗಿಸಿದರು. ನಾವು ಇಲ್ಲಿ ದೇಹವಿಲ್ಲದೆ ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿಸಿದೆವು.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ದೇವರು ಕರೆಸಿಕೊಂಡ. ಹೀಗಿರುವಾಗ ಆ ಚರ್ಚಿನ ಪಾದ್ರಿಯಿಂದ ಕಾಗದ ಬಂತು. ಪಾದ್ರಿ ಎಂದರೆ ಹೆಂಗಸು, ಫಿಯೋನಾ ಎಂದು ಹೆಸರು. ಜಗಲಿಯಲ್ಲಿ ಕೂತು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ನಡುವೆ ಒಂದು ಸಾಲಿತ್ತು: ದೇವರು ನಿಮ್ಮ ಮಗನನ್ನು ತೆಗೆದುಕೊಂಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾನು ನಂಬುವುದಿಲ್ಲ. ಅಮ್ಮ ಆ ಸಾಲನ್ನು ಮೂರು ಸಲ ಓದಿಸಿದಳು.

"ಹಾಂಗಾರ್ ತಕಂಡ್ ಹೋದ್ದ್ ಯಾರ್?" ಎಂದಳು. "ನೀನ್ ಹೋಯಿ ಆ ಚರ್ಚಿನ ಅಮ್ಮನತ್ರ ಕೇಂಡ್ಕಂಡ್ ಬಾ. ಹರ್ಕಿ ತಪ್ಸಿರೆ ದೇವ್ರ್ ಮಕ್ಕಳನ್ನ್ ತಕಂಡ್ ಹೋತ್ನಾ ಅಂದ್ ಕೇಣ್."

ಹರಕೆಯ ವಿಷಯ ಹೇಳಿಬಿಡುತ್ತೇನೆ. ರಾಘು ಮೊದಲ ಸಲ ಹೋದಾಗ, ಅವನು ಕ್ಷೇಮವಾಗಿ ಬಂದರೆ ಒಂದು ಬೆಳ್ಳಿಯ ದೋಣಿ ಒಪ್ಪಿಸುತ್ತೇನೆ ಎಂದು ಅಮ್ಮ ನಮ್ಮ ಕಡಲು ಕಾಯುವ ದೈವ ಬೊಬ್ಬರ್ಯನಿಗೆ ಹೇಳಿಕೊಂಡಿದ್ದಳು. ಅವನು ಬಂದ. ದೋಣಿಯನ್ನೂ ಮಾಡಿಸಿಟ್ಟಾಗಿತ್ತು, ಬೆರಳುದ್ದದ್ದು. ಆಗಲೇ ನನಗೆ ಹೊಟ್ಟೆ ನೋವು ಬಂದು ಕುಂದಾಪುರದ ಆಸ್ಪತ್ರೆ ಸೇರಿದೆ, ಆಪರೇಷನ್ ಆಯಿತು. ಮೂರು ವಾರ ಅಮ್ಮ ನನ್ನ ಮಂಚದ ಪಕ್ಕದಲ್ಲಿ. ಅಷ್ಟರಲ್ಲಿ ರಾಘುವಿನ ರಜೆ ಮುಗಿಯಿತು. ಮುಂದಿನ ಸಲ ಬಂದಾಗ ಅವನ ಕೈಯಲ್ಲೇ ಒಪ್ಪಿಸಿದರಾಯಿತು ಎಂದಳು. ಮುಂದಿನ ಸಲ ಬರಲೇ ಇಲ್ಲ. ದೈವ ತನಗೆ ಬರಬೇಕಾದ್ದನ್ನು ತೆಗೆದುಕೊಂಡಿತು ಎಂದು ಅಮ್ಮ ತೀರ್ಮಾನಿಸಿದಳು. ನನ್ನ ತೀರ್ಮಾನ ಬೇರೆ ಇತ್ತು, ಅದನ್ನು ಯಾರಿಗೂ ಹೇಳಲಿಲ್ಲ. ನನಗೆ ಆ ಹೊಟ್ಟೆ ನೋವು ಬಾರದಿದ್ದರೆ ಹರಕೆ ಸಂದುಹೋಗುತ್ತಿತ್ತು.

ಇನ್ನೊಂದು ಮಾತು. ಕಡಲಿನಲ್ಲಿ ಹೋದವರ ಮನೆಯಲ್ಲಿ ಬೊಜ್ಜದವರೆಗೆ ನಾವು ಮೀನು ತಿನ್ನುವುದಿಲ್ಲ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕಡಲಿನಲ್ಲಿ ದೇಹವನ್ನು ಮೊದಲು ಮುಟ್ಟುವುದು ಯಾವುದೆಂದು ಎಲ್ಲರಿಗೂ ಗೊತ್ತು. ಬೊಜ್ಜ ಮುಗಿದ ಮೇಲೂ ಅಮ್ಮ ತಿನ್ನಲಿಲ್ಲ, ನಾನೂ ತಿನ್ನಲಿಲ್ಲ. ದಿನವೆಲ್ಲ ಮೀನು ಮಾರಿ ಬಂದು ಅಮ್ಮ ಹುರುಳಿ ಸಾರು ಮಾಡುತ್ತಿದ್ದಳು. ಅಮಾವಾಸ್ಯೆಗೆ ರಾಘುವಿನ ಫೋಟೋದ ಎದುರು ಇಡುವ ಎಡೆಯಲ್ಲೂ ಬರೀ ತರಕಾರಿ. ತುತ್ತಿಗೊಂದು ಮೀನಿನ ತುಂಡು ಬೇಕೆನ್ನುತ್ತಿದ್ದವನಿಗೆ ಒಂದೂವರೆ ವರ್ಷ ಸಪ್ಪೆ ಊಟ.

ಅಬರ್ಡೀನ್

ನಾವಿಕರಿಗೆ ಸಹಾಯ ಮಾಡುವ ಅಲ್ಲಿನ ಒಂದು ಸಂಘ ನನ್ನನ್ನು ಕರೆಸಿಕೊಂಡಿತು. ಬೇಸಿಗೆ ರಜೆಯಲ್ಲಿ ಹೊರಟೆ. ಬ್ರಹ್ಮಾವರದಿಂದ ಬರುವ ನಮ್ಮ ಶಾಲೆಯ ಕ್ರಿಶ್ಚಿಯನ್ ಟೀಚರ್, "ಕೇಳುದ್ ಕೇಣಿ, ಆರೆ ಎಲ್ಲರ್ ಬಾಯಗೂ ಒಂದೇ ಉತ್ತರ ಬತ್ತ್ ಅಂದ್ ಎಣ್ಸ್ಬೇಡಿ. ನಮ್ಮ್ ಮನೆಯಗೇ ನಮ್ಗ್ ನಮ್ಗೇ ಆತಿಲ್ಲ" ಎಂದು ಎಚ್ಚರಿಸಿದ್ದರು.

ರಾಘುವಿಗೆ ಎಡೆ ಇಡಲೆಂದು ಒಂದು ಸೇರು ಕುಚ್ಚಲಕ್ಕಿ ತೆಗೆದುಕೊಂಡು ಹೋಗಿದ್ದೆ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಚೀಲ ಬಿಡಿಸಿ, ಇದು ಬೀಜ, ಒಳಗೆ ಬಿಡುವುದಿಲ್ಲ ಎಂದ. ನಾನು ಮೇಡಂ ಅಲ್ಲವೇ, ಸುಮ್ಮನಿರಲಾಗಲಿಲ್ಲ. ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ ಅಕ್ಕಿ ಇದು, ಬೆಂದದ್ದು ಎಲ್ಲಿಯಾದರೂ ಮೊಳೆಯುತ್ತದೆಯೇ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಅವನು ಕೈಕಟ್ಟಿ ಪೂರ್ತಿ ಕೇಳಿದ, ನಕ್ಕ, ಅಕ್ಕಿಯನ್ನು ಕಸದ ಡಬ್ಬಕ್ಕೆ ಹಾಕಿದ. ಹೊರಗೆ ಬರುವಾಗ ಕಣ್ಣಲ್ಲಿ ನೀರು ಬಂತು. ಒಂದು ಸೇರು ಅಕ್ಕಿಗೆ ಅಳುವವಳೆಂದು ಜನ ನೋಡುತ್ತಿದ್ದರು.

"ಹ್ವಾಯ್ ಜಲಜಕ್ಕ! ಇಲ್ಲ್ ಕಾಣಿ, ಇಲ್ಲ್!"

ಅಷ್ಟು ಜನರ ನಡುವೆ ನಮ್ಮೂರಿನ ಆ 'ಹ್ವಾಯ್' ಕೇಳಿದಾಗ ನನ್ನ ಕಾಲಿಗೆ ಬಲ ಬಂತು. ನಾಗರಾಜ ತೆಳ್ಳಗಾಗಿದ್ದ. "ಬಪ್ಪತಿಗೆ ತ್ರಾಸ್ ಆಯ್ತಾ ಅಕ್ಕ? ಅಕ್ಕಿಗ್ ಎಂತಕ್ಕೆ ಟೆನ್ಶನ್, ನಮ್ಮ್ ರೂಮಗೆ ಇತ್ತ್" ಎಂದು ಚೀಲ ಕಸಿದುಕೊಂಡ. ಅವನು ಮತ್ತೆ ದೋಣಿ ಹತ್ತಿಲ್ಲವಂತೆ, ಬಂದರಿನ ಶೆಡ್ಡಿನಲ್ಲಿ ಮೀನು ಕೊಯ್ಯುವ ಕೆಲಸ. ಬಸ್ಸಿನಲ್ಲಿ ಎರಡು ಗಂಟೆ ಹೋದೆವು. ಒಬ್ಬರೂ ಮಾತಾಡಲಿಲ್ಲ. ಬೈಂದೂರು ಬಸ್ಸಿನಲ್ಲಾದರೆ ಹೆಮ್ಮಾಡಿ ದಾಟುವುದರೊಳಗೆ ನಾನು ಯಾರ ಮಗಳು, ಎಲ್ಲಿಗೆ ಹೊರಟೆ, ಯಾಕೆ ಅತ್ತೆ ಎಲ್ಲವೂ ಕಂಡಕ್ಟರನವರೆಗೆ ಮುಟ್ಟಿರುತ್ತಿತ್ತು. ಅವತ್ತು ಈ ಮೌನವೇ ಒಳ್ಳೆಯದೆನಿಸಿತು.

ಜಾನ್ ಅಜ್ಜನ ಮನೆ

ನನ್ನನ್ನು ಇರಿಸಿದ್ದು ಜಾನ್ ಎಂಬವರ ಮನೆಯಲ್ಲಿ. ಎಂಬತ್ತು ದಾಟಿದ ವಿಧುರ, ಐವತ್ತು ವರ್ಷ ದೋಣಿ ನಡೆಸಿದವರು. ಅಡುಗೆ ಅವರದೇ. ಮೊದಲ ದಿನ ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ, ಬಟಾಣಿ, ಚೀಸಿನ ಒಂದು ತುಂಡು ಇಟ್ಟು, "ನೀವು ಹಿಂದೂಗಳು, ಮೀನು ಮಾಂಸ ಮುಟ್ಟುವುದಿಲ್ಲ, ನನಗೆ ಗೊತ್ತು" ಎಂದು ಹೆಮ್ಮೆಯಿಂದ ಹೇಳಿದರು. ಮೀನು ಹಿಡಿಯುವ ಮೊಗವೀರರ ಮನೆಯ ಹೆಣ್ಣಿಗೆ ಈ ಮಾತು! ಊರಿನಲ್ಲಾದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಹೌದು ಎಂದುಬಿಟ್ಟೆ. ನಿಜ ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಆಮೇಲೆ ನಾಲ್ಕು ದಿನ ಆಲೂಗಡ್ಡೆಯೇ.

ಅಲ್ಲಿ ಒಂಬತ್ತು ಗಂಟೆಗೂ ಬಿಸಿಲು. ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ ಕಿಟಕಿಯಲ್ಲಿ ನಿಂತೇ ಇರುತ್ತಿದ್ದೆ. ಕಿಟಕಿಯ ಹೊರಗೆ ಕಡಲು, ನಮ್ಮ ಕಡಲಿನ ಬಣ್ಣವಲ್ಲ, ಬೂದಿ ಬಣ್ಣ. ನನ್ನ ತಮ್ಮ ಅದರೊಳಗೆ ಒಂಬತ್ತು ದಿನ ಇದ್ದ.

ಚರ್ಚಿನ ಹಿಂದೆ

ಫಿಯೋನಾ ನನ್ನ ವಯಸ್ಸಿನವರೇ. ಗಟ್ಟಿ ಕೈ, ಸ್ವೆಟರ್, ಮಣ್ಣು ಮೆತ್ತಿದ ಬೂಟು. ಕುತ್ತಿಗೆಯ ಬಿಳಿ ಪಟ್ಟಿ ಇಲ್ಲದಿದ್ದರೆ ಪಾದ್ರಿ ಎಂದು ಗೊತ್ತಾಗುತ್ತಿರಲಿಲ್ಲ. ಅವರು ನನ್ನ ಕೈ ಹಿಡಿದು ಹುಲ್ಲಿನ ಮೇಲೆ ಕರೆದುಕೊಂಡು ಹೋದರು. ಕಡಲಿನಲ್ಲಿ ಮುಳುಗಿದ ಆ ಊರಿನವರ ಸಮಾಧಿ ಕಲ್ಲುಗಳ ಸಾಲಿನಲ್ಲಿ ಕೊನೆಯದು ರಾಘುವಿನದು. ಅದರ ಮೇಲೆ ಕನ್ನಡ ಅಕ್ಷರ. ರಾಘವೇಂದ್ರ, ಕೋಡಿ. ನಾಗರಾಜ ಕಾಗದದಲ್ಲಿ ಬರೆದುಕೊಟ್ಟದ್ದನ್ನು, ಕನ್ನಡ ಎಂಬುದೊಂದು ಭಾಷೆ ಇದೆಯೆಂದೇ ಗೊತ್ತಿಲ್ಲದ ಒಬ್ಬ ಕಲ್ಲುಕುಟಿಗ ಒತ್ತು ಸಹಿತ ಕೆತ್ತಿದ್ದ. ನಾನು ಕಲ್ಲನ್ನು ತಬ್ಬಿಕೊಂಡು ಅತ್ತೆ. ಅಷ್ಟು ಅತ್ತದ್ದು ಅದೇ ಮೊದಲು, ಮನೆಯಲ್ಲಿ ಅಮ್ಮನ ಎದುರು ಆಗಿರಲಿಲ್ಲ.

ನಾಗರಾಜ ತಂದ ಅನ್ನವನ್ನು ಎಲೆಯ ಬದಲು ಪೇಪರ್ ತಟ್ಟೆಯಲ್ಲಿ ಇಟ್ಟೆವು. ಕಡಲ ಹಕ್ಕಿಗಳು ಬಂದು ಕ್ಷಣದಲ್ಲಿ ಮುಗಿಸಿದವು. ಕಾಗೆಗಾಗಿ ಕಾಯುವ ಕಷ್ಟ ಅಲ್ಲಿಲ್ಲ. ಆಮೇಲೆ ಶಾಲೆಯಲ್ಲಿ ಮಕ್ಕಳಿಗೆ ನಾಣ್ಯದ ಮೇಲೆ ಮಾಡಿಸುವ ಹಾಗೆ, ಕಲ್ಲಿನ ಮೇಲೆ ಕಾಗದ ಹಿಡಿದು ಪೆನ್ಸಿಲ್ ಉಜ್ಜಿದೆ. ಅಕ್ಷರಗಳು ಎದ್ದು ಬಂದವು. ಅಮ್ಮನಿಗೆ ಓದಲು ಬಾರದು, ಆದರೂ ಬೇಕೆನಿಸಿತು.

"ದೇವರು ತೆಗೆದುಕೊಳ್ಳಲಿಲ್ಲ ಎಂದು ಬರೆದಿರಿ. ಹಾಗಾದರೆ ಯಾರು? ಅಮ್ಮ ಕೇಳಿ ಕಳಿಸಿದ್ದಾಳೆ" ಎಂದೆ.

"ಅಲೆ" ಎಂದರು ಫಿಯೋನಾ.

"ಅಲೆ ಯಾರದ್ದು?"

ಅವರು ಬೂಟಿನ ಮಣ್ಣನ್ನು ಹುಲ್ಲಿಗೆ ಒರೆಸಿದರು. "ಬುಧವಾರ ಸಂಜೆ ನಾವು ಹತ್ತು ಜನ ಕೂತು ದೇವರ ಸ್ವಭಾವ ಎಂಥದ್ದೆಂದು ಮಾತಾಡುತ್ತೇವೆ. ಬನ್ನಿ. ಆದರೆ ನಮ್ಮಲ್ಲಿ ಒಮ್ಮತವಿಲ್ಲ" ಎಂದರು. ಬ್ರಹ್ಮಾವರದ ಟೀಚರ್ ನೆನಪಾದರು.

ಬುಧವಾರ

ಚರ್ಚಿನ ಪಕ್ಕದ ಕೋಣೆ. ಚಾ, ಬಿಸ್ಕತ್ತು, ವೃತ್ತವಾಗಿ ಇಟ್ಟ ಕುರ್ಚಿಗಳು. ನಮ್ಮಲ್ಲಿ ದೇವರ ಸ್ವಭಾವ ಎಂದರೆ ಅವನ ಕೋಪ ಎಷ್ಟು, ಯಾವುದರಿಂದ ಇಳಿಯುತ್ತದೆ ಎಂಬುದೇ. ಇವರು ಬೇರೆಯೇ ಚರ್ಚೆ ಎತ್ತಿದರು: ದೇವರಿಗೆ ನೋವಾಗುತ್ತದೆಯೇ? ನಾಳೆ ಆಗುವುದು ಅವನಿಗೆ ಇವತ್ತೇ ಗೊತ್ತಿರುತ್ತದೆಯೇ? ಒಬ್ಬ ಕಾಲೇಜು ಮೇಷ್ಟ್ರು, ದೇವರನ್ನು ಮೇಲೆ ಕೂತ ಒಬ್ಬ ಆಸಾಮಿ ಎಂದು ಎಣಿಸುವುದೇ ತಪ್ಪು, ಇರುವುದೆಲ್ಲ ಯಾವುದರಿಂದ ಇದೆಯೋ ಅದೇ ದೇವರು ಎಂದರು. ನಮ್ಮೂರ ಹರಿಕಥೆಯಲ್ಲಿ ಕೇಳಿದ ಮಾತೇ. ಅಲ್ಲಿಯೂ ಅದರಿಂದ ಯಾರ ಅಳು ನಿಂತದ್ದನ್ನೂ ನಾನು ಕಂಡಿಲ್ಲ.

ಫಿಯೋನಾ ಹೇಳಿದರು: "ಪ್ರೀತಿಸುವವನು ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದಿಡುವುದಿಲ್ಲ. ಗಾಳಿಯನ್ನು ಗಾಳಿಯಾಗಿರಲು, ಕಡಲನ್ನು ಕಡಲಾಗಿರಲು ಬಿಟ್ಟಿದ್ದಾನೆ. ಅದರಿಂದ ಆಗುವ ನೋವನ್ನು ತಾನೂ ಉಣ್ಣುತ್ತಾನೆ. ತನ್ನ ಮಗ ಯೇಸು ಸಾಯುವುದನ್ನು ನೋಡಿದವನು ಅವನು. ರಾಘು ಮುಳುಗಿದಾಗ ಮೊದಲು ಅತ್ತದ್ದು ಅವನೇ."

ಜಾನ್ ಅಜ್ಜ ಕಪ್ಪು ಕೆಳಗಿಟ್ಟರು. "ಮುಳುಗುವವನ ಜೊತೆ ಅಳುವ ದೇವರು ನನಗೆ ಯಾಕೆ ಫಿಯೋನಾ? ಅಳಲು ನಾವು ದಡದಲ್ಲಿ ಬೇಕಾದಷ್ಟು ಜನ ಇದ್ದೇವೆ. ಕಡಲು ಅವನ ಕೈಯಲ್ಲಿದೆ. ಒಬ್ಬನನ್ನು ಯಾಕೆ ಉಳಿಸುತ್ತಾನೆ, ಇನ್ನೊಬ್ಬನನ್ನು ಯಾಕೆ ಬಿಡುತ್ತಾನೆ, ನನಗೆ ಅರ್ಥವಾಗಿಲ್ಲ. ಆದರೆ ಯಾರ ಕೈಯಲ್ಲೂ ಇಲ್ಲದ ಕಡಲಿಗೆ ನಾನು ಒಂದು ದಿನವೂ ದೋಣಿ ಇಳಿಸುತ್ತಿರಲಿಲ್ಲ."

ನನಗೆ ಎರಡೂ ಸರಿ ಅನಿಸಿತು, ಎರಡರ ಮೇಲೂ ಸಿಟ್ಟು ಬಂತು. ಅಷ್ಟರಲ್ಲಿ ಪಕ್ಕದಲ್ಲಿದ್ದ ನಾಗರಾಜ ಕನ್ನಡದಲ್ಲಿ ಶುರುಮಾಡಿದ.

"ಅಕ್ಕ, ಇವ್ರಿಗೆ ಹೇಳಿ. ಅವತ್ತ್ ರಾಘು ಇದ್ದ ಜಾಗದಗೆ ನಾನ್ ನಿಂತ್ಕಣ್ಕಿತ್ತ್. ಚಳಿ ಆತ್ತ್ ಅಂದ್ ಚಾ ಕುಡುಕೆ ಒಳಗ್ ಹೋದೆ. ನಾನ್ ನಿಂತ್ಕಂತೆ, ನೀ ಹೋಯಿ ಬಾ ಅಂದ ಅವ. ನನ್ನನ್ನ್ ಉಳ್ಸಿದ್ದ್ ಚಾ ಅಕ್ಕ, ದೇವ್ರಲ್ಲ. ದೇವ್ರ್ ಅಂದ್ ಹೇಳ್ರೆ ರಾಘುಗ್ ಎಂತ ಹೇಳುದ್?"

ಅವನ ಕೈಯಲ್ಲಿ ಆಗಲೂ ಚಾ ಇತ್ತು. ರಾಘುವಿನ ಜಾಗದಲ್ಲಿ ತಾನು ನಿಲ್ಲಬೇಕಿತ್ತೆಂದು ನನಗೆ ಅವನು ಹೇಳಿದ್ದು ಅದೇ ಮೊದಲು. ಒಂದೊಂದೇ ಮಾತನ್ನು ಇಂಗ್ಲಿಷಿಗೆ ಹಾಕಿ ಹೇಳಿದೆ. ಫಿಯೋನಾ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

ಆಗ ಅಮ್ಮನ ಪ್ರಶ್ನೆ ಕೇಳಿದೆ. ಬೆಳ್ಳಿಯ ದೋಣಿಯ ಕಥೆ ಹೇಳಿ, ಹರಕೆ ತಡವಾದರೆ ದೇವರು ಮಗನನ್ನು ತೆಗೆದುಕೊಳ್ಳುತ್ತಾನೆಯೇ ಎಂದೆ.

"ಇಲ್ಲ" ಎಂದರು ಫಿಯೋನಾ. ಅದೇ ಉಸಿರಿನಲ್ಲಿ ಜಾನ್ ಅಜ್ಜನೂ "ಇಲ್ಲ" ಎಂದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕೋಣೆಯಲ್ಲಿ ಅವರಿಬ್ಬರೂ ಒಂದೇ ಮಾತು ಹೇಳಿದ್ದು ಬಹುಶಃ ಅವತ್ತೇ ಇರಬೇಕು, ಉಳಿದವರೂ ಬೆರಗಾಗಿ ನೋಡಿದರು.

ಕೊನೆಗೆ ಯಾರೋ ಮೀನಿನ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಬಂದರು. "ಅವರಿಗೆ ಬೇಡ, ಅವರು ಸಸ್ಯಾಹಾರಿ" ಎಂದು ಜಾನ್ ಅಜ್ಜ ಅಡ್ಡ ಬಂದರು. ಇನ್ನು ಸುಳ್ಳು ಸಾಗಲಿಲ್ಲ. "ಅಜ್ಜ, ನಮ್ಮಮ್ಮ ಮೀನು ಮಾರುವವಳು. ರಾಘು ಹೋದ ಮೇಲೆ ನಾವು ಮೀನು ತಿಂದಿಲ್ಲ" ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ಎಷ್ಟು ಸಮಯವಾಯಿತು ಎಂದಷ್ಟೇ ಕೇಳಿದರು.

ಬಂದರು

ಮರುದಿನ ಬೆಳಿಗ್ಗೆ ಜಾನ್ ಅಜ್ಜ ನನ್ನನ್ನು ಬಂದರಿಗೆ ಕರೆದುಕೊಂಡು ಹೋದರು. ಪೆಟ್ಟಿಗೆಗಳಲ್ಲಿ ಮಂಜುಗಡ್ಡೆಯ ಮೇಲೆ ನಮ್ಮ ಬಂಗುಡೆಯದೇ ಜಾತಿಯ ಮೀನು, ಬೆನ್ನಿನ ಗೆರೆ ಮಾತ್ರ ಬೇರೆ. ಕಿವಿರು ಎತ್ತಿ ತಾಜಾ ಇದೆಯೇ ಎಂದು ನೋಡಲು ನನ್ನ ಬೆರಳು ತನ್ನಷ್ಟಕ್ಕೇ ಹೋಯಿತು. ಅಜ್ಜ ನಕ್ಕರು.

ಕಲ್ಲಿನ ಕಟ್ಟೆಯ ಮೇಲೆ ಕೂತು ಅವರು ಹೇಳಿದರು: "ನನ್ನ ಅಪ್ಪ ಕಡಲಿನಲ್ಲಿ ಹೋದಾಗ ನನಗೆ ಒಂಬತ್ತು ವರ್ಷ. ಗಂಡಸರು ಹೊರಡುವ ದಿನ ಹೆಂಗಸರು ಬಟ್ಟೆ ಒಗೆಯಬಾರದೆಂದು ನಮ್ಮಲ್ಲಿ ಇತ್ತು, ಒಗೆದರೆ ಅವರನ್ನೂ ಕಡಲು ತೊಳೆದುಕೊಂಡು ಹೋಗುತ್ತದೆಂದು. ಅವತ್ತು ನಾನು ಹಾಸಿಗೆ ಒದ್ದೆ ಮಾಡಿಕೊಂಡಿದ್ದೆ. ಅಮ್ಮ ನನ್ನ ಚಾದರ ಒಗೆದಳು. ತನ್ನಿಂದಲೇ ಹೋದ ಎಂದು ಸಾಯುವವರೆಗೂ ನಂಬಿದ್ದಳು. ದೇವರು ಅಷ್ಟು ಸಣ್ಣವನಲ್ಲ ಎಂದು ನಾನು ಅವಳಿಗೆ ಹೇಳಲೇ ಇಲ್ಲ."

"ಯಾಕೆ?"

"ಚಾದರ ನನ್ನದಲ್ಲವೇ? ಅವಳ ತಪ್ಪಲ್ಲ ಎಂದರೆ ನನ್ನ ತಪ್ಪೂ ಅಲ್ಲವೆಂದು ನಾನು ನಂಬಬೇಕಿತ್ತು. ನೀವು ಹೋಗಿ ನಿಮ್ಮಮ್ಮನಿಗೆ ಹೇಳಿ. ತಡ ಮಾಡಬೇಡಿ."

ನನ್ನ ಆಸ್ಪತ್ರೆಯ ಕಥೆಯನ್ನು ಅವರಿಗೆ ನಾನು ಹೇಳಿರಲಿಲ್ಲ. ಆದರೂ ತಲೆ ಎತ್ತಿ ನೋಡಲಾಗಲಿಲ್ಲ. ಏಳುವಾಗ ಅವರು ಮೀನಿನ ಪೆಟ್ಟಿಗೆ ತೋರಿಸಿ, ತಮ್ಮ ಯೇಸು ಸತ್ತು ಎದ್ದು ಬಂದ ಮೇಲೆ ಕಡಲ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಗೆಳೆಯರಿಗೆ ಬಡಿಸಿದನಂತೆ ಎಂದರು. ಆ ಗೆಳೆಯರೂ ಬೆಸ್ತರೇ ಅಂತೆ.

ಮತ್ತೆ ಕೋಡಿ

ಹೆದ್ದಾರಿ ಅಗಲ ಮಾಡಲು ಸಾಸ್ತಾನದಿಂದ ಕುಂದಾಪುರದವರೆಗೂ ಅಗೆದು ಹಾಕಿದ್ದರು. ಧೂಳು ಕುಡಿದು ಸಂಜೆಗೆ ಮನೆ ಮುಟ್ಟಿದೆ. ಅಮ್ಮ ಜಗಲಿಯಲ್ಲೇ ಇದ್ದಳು. ಪೆನ್ಸಿಲಿನ ಕಾಗದ ಕೊಟ್ಟೆ. ಮೀನಿನ ಉಪ್ಪಿಗೆ ಸೀಳಿದ ಬೆರಳಿನಿಂದ ಒಂದೊಂದು ಅಕ್ಷರವನ್ನೂ ತಡವಿದಳು.

"ಕೇಂಡ್ಯಾ?"

"ಕೇಂಡೆ ಅಮ್ಮ. ಇಬ್ರತ್ರ ಕೇಂಡೆ. ಒಬ್ರಿಗೊಬ್ರಿಗ್ ಯಾವ್ದ್ರಗೂ ಆತಿಲ್ಲ. ಇದಕ್ ಮಾತ್ರ ಇಬ್ರೂ ಇಲ್ಲ ಅಂದ್ರ್. ಹರ್ಕಿ ತಪ್ರೆ ಮಗನ್ನ್ ತಕಂಬ ದೇವ್ರಿಲ್ಲ ಅಂದ್ರ್."

"ಅವ್ರಿಗ್ ನಮ್ಮ್ ಬೊಬ್ಬರ್ಯನ್ ವಿಷ್ಯ ಎಂತ ಗೊತ್ತಿತ್ತ್?" ಎಂದಳು. ಆದರೆ ದನಿಯಲ್ಲಿ ಹಿಂದಿನ ಹಠವಿರಲಿಲ್ಲ. ಅವರ ದೇವರಿಗೂ ಒಬ್ಬ ಮಗನಿದ್ದ, ಅವನೂ ಪ್ರಾಯದಲ್ಲೇ ಹೋದ ಎಂದೆ.

"ಅಬ್ಬಿ ಇದ್ಲಾ?" ಅಮ್ಮ ಕೇಳಿದ್ದು ಆ ಮಗನ ತಾಯಿಯ ವಿಷಯ.

"ಇದ್ಲ್. ಅವ ಸಾಯುವತಿಗೆ ಎದ್ರೇ ನಿಂತಿದ್ಲ್ ಅಂಬ್ರ್."

"ಅವ್ಳ್ ಮತ್ತ್ ಉಂಡ್ಲಾ?"

ಆ ಕೋಣೆಯಲ್ಲಿ ದೇವರ ನೋವಿನ ಬಗ್ಗೆ ಎರಡು ಗಂಟೆ ಮಾತಾಡಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಗೊತ್ತಿಲ್ಲಮ್ಮ ಎಂದೆ. ಆದರೆ ಆ ಮಗ ಮೂರು ದಿನದ ಮೇಲೆ ಎದ್ದು ಬಂದನಂತೆ, ಕಡಲ ಬದಿಯಲ್ಲಿ ಮೀನು ಸುಟ್ಟು ಗೆಳೆಯರಿಗೆ ಬಡಿಸಿದನಂತೆ ಎಂದೆ.

"ತಿರ್ಗ್ ಬಂದ್ನಾ?" ಅಮ್ಮ ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಬಿಟ್ಟಳು. "ಪುಣ್ಯವಂತೆ ಅವ್ಳ್" ಎಂದಳು.

ಮರುದಿನ ಮಾರ್ಕೆಟ್ಟಿನಿಂದ ಬರುವಾಗ ಬುಟ್ಟಿಯಲ್ಲಿ ಮೂರು ಬಂಗುಡೆ ಉಳಿಸಿಕೊಂಡು ಬಂದಿದ್ದಳು. ಮಸಾಲೆ ಅರೆದಳು. ಒಂದೂವರೆ ವರ್ಷದ ಮೇಲೆ ನಮ್ಮ ಮನೆಯಲ್ಲಿ ಮೀನು ಸಾರಿನ ವಾಸನೆ ಎದ್ದಿತು. ಮೊದಲ ಬಂಗುಡೆ ರಾಘುವಿನ ಫೋಟೋದ ಎದುರಿನ ಎಲೆಗೆ ಹೋಯಿತು. ಅಮಾವಾಸ್ಯೆ ಅಲ್ಲದಿದ್ದರೂ ಇಟ್ಟಳು. ಆಮೇಲೆ ನನಗೂ ತನಗೂ ತಟ್ಟೆ ಹಾಕಿದಳು. ನಾನು ಅನ್ನ ಕಲಸುತ್ತಾ ಕೂತೆ, ಮೀನು ಮುಟ್ಟಲಿಲ್ಲ.

ಅಮ್ಮ ನನ್ನ ತಟ್ಟೆಯ ಬಂಗುಡೆಯನ್ನು ಬಿಡಿಸಿ, ಮುಳ್ಳು ತೆಗೆದು, ಬದಿಗಿಟ್ಟಳು. ರಾಘು ಸಣ್ಣವನಿದ್ದಾಗ ಅವನಿಗೆ ಮಾಡುತ್ತಿದ್ದದ್ದು ಹಾಗೆಯೇ.

"ಉಣ್ಣ್ ಮಗಾ" ಎಂದಳು. "ನನ್ ಹರ್ಕಿದ್ ತಪ್ಪಲ್ಲ ಅಂದ್ ಆರೆ, ನಿನ್ ಹೊಟ್ಟಿ ನೋವಿದ್ದೂ ತಪ್ಪಲ್ಲ."

ನಾನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಪ್ರಶ್ನೆಯನ್ನು ಕಡಲಾಚೆಗೆ ಕಳಿಸಿದ್ದು ತನಗೊಬ್ಬಳಿಗಾಗಿ ಅಲ್ಲ ಎಂದು ಆಗ ತಿಳಿಯಿತು. ಅಳುತ್ತಲೇ ತಿಂದೆ. ಅಮ್ಮ ತನ್ನ ತಟ್ಟೆಯ ಮೀನನ್ನು ಮುಟ್ಟದೆ, ನಾನು ತಿಂದು ಮುಗಿಸುವವರೆಗೆ ನೋಡುತ್ತಾ ಕೂತಳು.